ಸೊಂಟದ ಪಿಸ್ತೂಲು ಮತ್ತು ಶಾಲೆಯ ಗೇಟು

ಯಾದಗಿರಿ ಜಿಲ್ಲೆಯ ಸುರಪುರ, ಶಹಾಪುರ, ಕಕ್ಕೇರಾ ಕಡೆ ಲೈಸೆನ್ಸಿನ ಪಿಸ್ತೂಲು ಎಲ್ಲರ ಮನೆಯಲ್ಲಿರುವ ವಸ್ತುವಲ್ಲ. ಅದರ ಬಗೆಗಿನ ಒಂದು ಅಭಿಪ್ರಾಯ ಮಾತ್ರ ಹೆಚ್ಚುಕಡಿಮೆ ಎಲ್ಲೆಡೆ ಕೇಳಸಿಗುತ್ತದೆ. "ಲೈಸೆನ್ಸ್ ಅದ, ಅಂಗಿ ಒಳಗ ಅದ, ಯಾರಿಗೇನು ತ್ರಾಸು?" ಎನ್ನುವಷ್ಟರಲ್ಲಿ ಅದು ಮುಗಿದುಹೋಗುತ್ತದೆ. ಮಗಳನ್ನು ಶಾಲೆಗೆ ಬಿಡಲು ಹೋದಾಗ, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಕೂತಾಗ, ವಾರ್ಷಿಕೋತ್ಸವದ ವೇದಿಕೆ ಹತ್ತಿದಾಗ ಸೊಂಟದಲ್ಲಿ ಪಿಸ್ತೂಲಿದ್ದರೆ ತಪ್ಪೇನು ಎಂದು ಕೇಳುವವರು ಪುಂಡಪೋಕರಿಗಳಲ್ಲ. ಅರ್ಜಿ ಹಾಕಿ, ಪೊಲೀಸ್ ವರದಿ ದಾಟಿ, ಜಿಲ್ಲಾಧಿಕಾರಿ ಕಚೇರಿಗೆ ಅಲೆದು ಕಾನೂನಿನ ದಾರಿಯಲ್ಲೇ ಆಯುಧ ಪಡೆದವರು. ಆದ್ದರಿಂದ ಅವರ ವಾದವನ್ನು ಅದರ ಗಟ್ಟಿ ರೂಪದಲ್ಲೇ ಎದುರಿಗಿಟ್ಟುಕೊಳ್ಳಬೇಕು. ಅದರಲ್ಲಿ ಮೂರು ಎಳೆಗಳು ಕಾಣುತ್ತವೆ.

1. ಸರಕಾರವೇ ನನ್ನನ್ನು ಪರಿಶೀಲಿಸಿ ಲೈಸೆನ್ಸ್ ಕೊಟ್ಟಿದೆ. ಬಜಾರಿನಲ್ಲಿ ನಂಬಿಕೆಗೆ ಅರ್ಹನಾದವನು ಶಾಲೆಯ ಗೇಟಿನ ಮುಂದೆ ಏಕೆ ಅನರ್ಹ?

2. ನಾನು ಅದನ್ನು ತೋರಿಸುತ್ತಿಲ್ಲ, ಬೆದರಿಸುತ್ತಿಲ್ಲ. ಮುಚ್ಚಿಟ್ಟುಕೊಂಡೇ ಓಡಾಡಬೇಕೆಂದು ನಿಯಮವೂ ಹೇಳುತ್ತದೆ. ಯಾರೂ ನೋಡದ ಆಯುಧದಿಂದ ಯಾವ ಮಗುವಿಗೂ ಭಯವಿಲ್ಲ.

3. ಕೆಟ್ಟವನು ಶಾಲೆಗೆ ನುಗ್ಗಿದರೆ ಅಲ್ಲಿ ಒಬ್ಬ ಒಳ್ಳೆಯವನ ಬಳಿ ಪಿಸ್ತೂಲಿರುವುದು ಮಕ್ಕಳಿಗೇ ಒಳ್ಳೆಯದು.

ಈ ಮೂರರ ಹಿಂದೆ ಬಾಯಿಬಿಟ್ಟು ಹೇಳದ ಇನ್ನೊಂದಿದೆ: ಆಯುಧ ಈ ಸೀಮೆಯ ಮರ್ಯಾದೆ. ಉಳಿದವುಗಳಿಗೆ ಕಾವು ಸಿಗುವುದು ಇಲ್ಲಿಂದಲೇ ಆದ್ದರಿಂದ ಮೊದಲು ಇದನ್ನೇ ನೋಡುವುದು ವಾಸಿ.

1705ರಲ್ಲಿ ವಾಗಣಗೇರಾ ಕೋಟೆಯನ್ನು ಗೆಲ್ಲಲು ಮುಪ್ಪಿನ ಔರಂಗಜೇಬ ಸ್ವತಃ ಬಂದು ಬೀಡುಬಿಡಬೇಕಾಯಿತು. ಅವನ ಕೊನೆಯ ದೊಡ್ಡ ಮುತ್ತಿಗೆ ಅದೇ. 1858ರಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕ ಕಂಪನಿಯ ವಿರುದ್ಧ ಎದ್ದುನಿಂತ. ಅದಕ್ಕೂ ಕೆಲವು ತಿಂಗಳ ಮೊದಲು, 1857ರ ಕೊನೆಯಲ್ಲಿ, ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ನಿಶ್ಶಸ್ತ್ರೀಕರಣದ ಕಾಯ್ದೆಗೆ ತಲೆಬಾಗದೆ ಹೋರಾಡಿ ನೇಣಿಗೇರಿದರು. ಇದನ್ನೆಲ್ಲ ನೆನೆದು ಎದೆ ಉಬ್ಬಿಸುವುದರಲ್ಲಿ ತಪ್ಪಿಲ್ಲ. ಆದರೆ ಹಲಗಲಿಯವರು ಯಾರ ಎದುರು ಆಯುಧ ಹಿಡಿದರು ಎಂಬುದನ್ನು ಬಿಟ್ಟು ಆಯುಧವನ್ನಷ್ಟೇ ಎತ್ತಿಕೊಂಡರೆ ಇತಿಹಾಸ ಅರ್ಧವಾಗುತ್ತದೆ. ಆ ಕಾಯ್ದೆ ಮಾಡುವಾಗ ಅವರನ್ನು ಯಾರೂ ಕೇಳಿರಲಿಲ್ಲ, ಅದನ್ನು ಬದಲಿಸುವ ಯಾವ ದಾರಿಯೂ ಅವರಿಗಿರಲಿಲ್ಲ. ಮುಂದೆ 1878ರ ಶಸ್ತ್ರಾಸ್ತ್ರ ಕಾಯ್ದೆ ಬಂದಾಗ ಯುರೋಪಿಯನ್ನರಿಗೆ ವಿನಾಯಿತಿ, ಭಾರತೀಯರಿಗೆ ನಿರ್ಬಂಧ ಎಂಬ ಭೇದವೇ ದೇಶದ ಸಿಟ್ಟಿಗೆ ಕಾರಣವಾಯಿತು. ಅದೇ ಸಿಟ್ಟಿನಲ್ಲಿ 1931ರ ಕರಾಚಿ ಕಾಂಗ್ರೆಸ್ ಅಧಿವೇಶನ ತನ್ನ ಮೂಲಭೂತ ಹಕ್ಕುಗಳ ಪಟ್ಟಿಯಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಇಟ್ಟುಕೊಳ್ಳುವ ಹಕ್ಕನ್ನೂ ಸೇರಿಸಿತ್ತು. ಸಂವಿಧಾನ ಬರೆಯುವಾಗ ಇದು ಮರೆತುಹೋಗಲಿಲ್ಲ. 1948ರ ಡಿಸೆಂಬರಿನಲ್ಲಿ, ಮಂಗಳೂರು ಮೂಲದ ಎಚ್.ವಿ. ಕಾಮತ್ ಸಂವಿಧಾನ ಸಭೆಯಲ್ಲಿ ಆಯುಧದ ಹಕ್ಕಿಗಾಗಿ ತಿದ್ದುಪಡಿ ಮಂಡಿಸಿದರು. ಪ್ರತಿಯೊಬ್ಬನೂ ಸಂತೆಗೆ ಹೋಗಿ ಆಯುಧ ಕೊಂಡು ತರುವ ಹಕ್ಕುಳ್ಳವನಾದರೆ ರಾಜ್ಯಾಡಳಿತ ನಡೆಯುವುದು ಹೇಗೆ ಎಂದು ಅಂಬೇಡ್ಕರ್ ಅದನ್ನು ವಿರೋಧಿಸಿದರು. ತಿದ್ದುಪಡಿ ಬಿದ್ದುಹೋಯಿತು. ಅಂದರೆ ಈ ಪ್ರಶ್ನೆ ನಮ್ಮವರ ನಡುವೆಯೇ ಚರ್ಚೆಯಾಗಿ ನಮ್ಮವರಿಂದಲೇ ತೀರ್ಮಾನವಾಗಿದೆ. ಸಿಖ್ಖರ ಕೃಪಾಣವೊಂದನ್ನು ಬಿಟ್ಟರೆ ಮೂಲಭೂತ ಹಕ್ಕುಗಳ ಭಾಗದಲ್ಲಿ ನಾಗರಿಕನ ಆಯುಧದ ಮಾತು ಬರುವುದು 19(1)(ಬಿ) ವಿಧಿಯಲ್ಲಿ. ಅಲ್ಲಿ ಸಿಗುವುದು ಆಯುಧಗಳಿಲ್ಲದೆ ಶಾಂತಿಯುತವಾಗಿ ಸಭೆ ಸೇರುವ ಹಕ್ಕು.

"ಹಾಗಾದರೆ ಕೊಡವರಿಗೆ ಹೇಗೆ?" ಎಂಬ ಪ್ರಶ್ನೆ ತಕ್ಷಣ ಬರುತ್ತದೆ. ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರುವುದು ಶಸ್ತ್ರಾಸ್ತ್ರ ಕಾಯ್ದೆಯ 41ನೇ ಕಲಮಿನಡಿ ಕೇಂದ್ರ ಸರಕಾರ ಅಧಿಸೂಚನೆಯಿಂದ ಕೊಟ್ಟ ಲೈಸೆನ್ಸ್ ವಿನಾಯಿತಿ. ಅದರ ಈಗಿನ ಅವಧಿ 2029ರವರೆಗೆ. ರಾಜ್ಯ ಹೈಕೋರ್ಟು 2021ರಲ್ಲಿ ಅದನ್ನು ಎತ್ತಿಹಿಡಿಯಿತು, ನಿಜ. ಆದರೆ ಅವಧಿ ಇರುವ ವಿನಾಯಿತಿ ಹುಟ್ಟುಹಕ್ಕಾಗುವುದಿಲ್ಲ. ಈ ಉದಾಹರಣೆ ಇನ್ನೊಂದನ್ನೂ ಹೇಳುತ್ತದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಪೂಜೆಗೊಳ್ಳುವುದು ಎಲ್ಲರ ಕಣ್ಣಮುಂದೆ ಇಟ್ಟ ಕೋವಿ. ಹಲಗಲಿಯ ಬೇಡನ ಆಯುಧವೂ ಹೆಗಲ ಮೇಲೆ, ಕೈಯಲ್ಲಿ, ಬಯಲಲ್ಲಿ ಇದ್ದದ್ದು. ಜುಬ್ಬಾದ ಕೆಳಗೆ ಅಡಗಿಸಿದ .32 ಬೋರಿನ ಪಿಸ್ತೂಲಿಗೆ ಆ ವಂಶಾವಳಿಯಲ್ಲಿ ಜಾಗವಿಲ್ಲ. ಪರಂಪರೆಯ ಹೆಸರು ಹೇಳುವವರು ತೋರಿಸುವ ಆಯುಧದ ಗೌರವವನ್ನು ಅಡಗಿಸುವ ಆಯುಧಕ್ಕೆ ಸಾಲ ತರುತ್ತಿದ್ದಾರೆ.

ಇನ್ನು ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಕೆಳಗೆ ಬಂದ 2016ರ ನಿಯಮಗಳಲ್ಲಿ 32ನೆಯದು ಸಾರ್ವಜನಿಕ ಸ್ಥಳದಲ್ಲಿ ಆಯುಧ ಒಯ್ಯುವ ಬಗೆಯನ್ನು ಹೇಳುತ್ತದೆ: ಪಿಸ್ತೂಲು, ರಿವಾಲ್ವರ್ ಮೈಗೆ ಕಟ್ಟಿದ ಹೋಲ್‌ಸ್ಟರಿನಲ್ಲೋ ಚೀಲದಲ್ಲೋ ಇರಬೇಕು, ಪೂರ್ತಿ ಮುಚ್ಚಿರಬೇಕು, ಒಯ್ಯುವವನ ಹತೋಟಿಯಲ್ಲಿರಬೇಕು. ಮದುವೆ, ಜಾತ್ರೆ, ಮೆರವಣಿಗೆಗಳಲ್ಲಿ ಝಳಪಿಸುವುದು, ಹಾರಿಸುವುದು ನಿಷಿದ್ಧ. ಎರಡನೇ ಎಳೆಯವರು ನೆಚ್ಚಿಕೊಂಡಿರುವುದು ಈ ನಿಯಮವನ್ನೇ. ಆದರೆ ಲೈಸೆನ್ಸಿನ ಷರತ್ತುಗಳಲ್ಲಿ ಬೇರೊಂದು ಮಾತಿದೆ. ಜಿಲ್ಲಾ ದಂಡಾಧಿಕಾರಿಯ ವಿಶೇಷ ಅನುಮತಿ ಇಲ್ಲದೆ ಆಯುಧವನ್ನು ಜಾತ್ರೆಗೆ, ಧಾರ್ಮಿಕ ಮೆರವಣಿಗೆಗೆ, ಸಾರ್ವಜನಿಕ ಸಭೆಗೆ, ಯಾವುದೇ ಶಿಕ್ಷಣ ಸಂಸ್ಥೆಯ ಆವರಣದೊಳಕ್ಕೆ ಒಯ್ಯಕೂಡದು. ಮೊದಲನೆಯದು ಹೇಗೆ ಒಯ್ಯಬೇಕೆಂಬ ನಿಯಮ. ಎರಡನೆಯದು ಎಲ್ಲಿಗೆ ಒಯ್ಯಬಾರದೆಂಬ ಷರತ್ತು. ಒಂದನ್ನು ಪಾಲಿಸಿದ್ದರಿಂದ ಇನ್ನೊಂದು ಮಾಫಿ ಆಗುವುದಿಲ್ಲ. ಹೆಲ್ಮೆಟ್ ಹಾಕಿದ್ದೇನೆ ಎಂದು ಒನ್‌ವೇಯಲ್ಲಿ ಎದುರು ನುಗ್ಗಿದವನ ಸಮಜಾಯಿಷಿಯಂತಿದೆ ಈ ವಾದ. ಷರತ್ತು ಮುರಿದರೆ ಕಾಯ್ದೆಯ 30ನೇ ಕಲಮಿನ ಪ್ರಕಾರ ಆರು ತಿಂಗಳವರೆಗೆ ಜೈಲು, ಅಥವಾ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಲೈಸೆನ್ಸ್ ರದ್ದು ಮಾಡುವ ಅಧಿಕಾರ 17ನೇ ಕಲಮಿನಲ್ಲಿ ಪ್ರತ್ಯೇಕವಾಗಿದೆ.

"ಬಜಾರಿನಲ್ಲಿ ಅರ್ಹ, ಶಾಲೆಯಲ್ಲಿ ಅನರ್ಹನೇ?" ಎಂಬ ಮೊದಲ ಎಳೆಗೆ ಉತ್ತರವೂ ಇಲ್ಲೇ ಇದೆ. ಷರತ್ತು ಮನುಷ್ಯನ ಅರ್ಹತೆಯನ್ನು ಅಳೆಯುತ್ತಿಲ್ಲ, ಜಾಗದ ಸ್ವಭಾವವನ್ನು ಅಳೆಯುತ್ತಿದೆ. ಜಾತ್ರೆ, ಮೆರವಣಿಗೆ, ಸಭೆಗಳಲ್ಲಿ ಜನ ಒತ್ತಾಗಿ ಸೇರಿರುತ್ತಾರೆ, ಒಂದು ಗುಂಡು ಸಿಡಿದರೆ ಗುಂಡಿಗಿಂತ ನೂಕುನುಗ್ಗಲೇ ಹೆಚ್ಚು ಜನರನ್ನು ಬಲಿ ತೆಗೆದುಕೊಳ್ಳಬಹುದು. ಶಾಲೆಯಲ್ಲಿ ಇದರ ಮೇಲೆ ಇನ್ನೊಂದು ಕಾರಣವಿದೆ. ಖಾನಾವಳಿಯಲ್ಲಿ ಪಕ್ಕದವನ ಸೊಂಟ ನೋಡಿ ಇರಿಸುಮುರುಸಾದರೆ ದೊಡ್ಡವರು ಎದ್ದುಹೋಗಬಹುದು. ನಾಲ್ಕನೇ ಇಯತ್ತೆಯ ಹುಡುಗ ಎದ್ದುಹೋಗುವಂತಿಲ್ಲ. 6ರಿಂದ 14 ವರ್ಷದ ಮಕ್ಕಳು ಶಾಲೆಯಲ್ಲಿರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಮೂಲಕ ನಾವೇ ಗೊತ್ತುಮಾಡಿದ್ದೇವೆ. ತಮ್ಮ ಇಚ್ಛೆಯಿಂದ ಜಾಗ ಬಿಡಲಾಗದವರನ್ನು ಒಂದೆಡೆ ಕೂಡಿಸಿದ ಮೇಲೆ ಅಲ್ಲಿಯ ಅಪಾಯವನ್ನು ಕಡಿಮೆ ಮಾಡುವ ಹೊಣೆ ಒಳಗೆ ಬರುವವನ ಮೇಲೆ ಬೀಳುತ್ತದೆ. ಆ ಬರುವವ ಎಷ್ಟೇ ಸಜ್ಜನನಿರಲಿ, ಲೆಕ್ಕ ಬದಲಾಗುವುದಿಲ್ಲ.

ಯಾರೂ ನೋಡದ ಆಯುಧದಿಂದ ಯಾರಿಗೂ ಭಯವಿಲ್ಲ ಎಂಬ ಮಾತು ಮಹಾನಗರದಲ್ಲಾದರೂ ಸ್ವಲ್ಪ ನಿಂತೀತು. ಕಕ್ಕೇರಾದಂಥ ಊರಲ್ಲಿ ಅದಕ್ಕೆ ಕಾಲೇ ಇಲ್ಲ. ಇಲ್ಲಿ ಯಾರ ಹೊಲಕ್ಕೆ ಕಾಲುವೆ ನೀರು ಮೊದಲು ಹರಿಯಿತು, ಯಾರ ಟ್ರ್ಯಾಕ್ಟರ್ ಸಾಲದಲ್ಲಿದೆ ಎಂಬುದೆಲ್ಲ ಗೊತ್ತಿರುವಾಗ ಯಾರ ಬಳಿ ಪಿಸ್ತೂಲಿದೆ ಎಂಬುದು ಗುಟ್ಟಾಗಿ ಉಳಿಯುವುದುಂಟೇ? ಅಂಗಿ ಮುಚ್ಚುವುದು ಕಬ್ಬಿಣವನ್ನು, ಸುದ್ದಿಯನ್ನಲ್ಲ. ಎಸ್‌ಡಿಎಂಸಿ ಸಭೆಯನ್ನೇ ತೆಗೆದುಕೊಳ್ಳಿ. ಬಿಸಿಯೂಟದ ಅಕ್ಕಿಯ ಲೆಕ್ಕ, ಕೊಠಡಿ ದುರಸ್ತಿಯ ಬಿಲ್ಲು, ಶಾಲೆಯ ಜಾಗಕ್ಕೆ ಹಾಕಿದ ಬೇಲಿ, ಇವೇ ಅಲ್ಲಿಯ ಜಗಳಗಳು. ಒಂದು ಬದಿಗೆ ಬೇರೆ ಜಿಲ್ಲೆಯಿಂದ ಬಂದು ಬಾಡಿಗೆ ಮನೆಯಲ್ಲಿರುವ ಹೆಡ್‌ಮಾಸ್ತರರು, ದಿನಗೂಲಿಯ ಪಾಲಕರು. ಇನ್ನೊಂದು ಬದಿಗೆ ಊರ ಧಣಿ. ಅವರು ಜುಬ್ಬಾ ಎತ್ತುವುದು ಬೇಡ, ಕುರ್ಚಿಯಲ್ಲಿ ಸರಿದು ಕೂತರೆ ಸಾಕು. "ಧಣೀರ, ಈ ಬಿಲ್ಲಿಗೆ ರಸೀದಿ ಎಲ್ಲದರೀ?" ಎಂದು ಕೇಳಬೇಕಿದ್ದ ನಾಲಗೆ ಅಲ್ಲೇ ಒಣಗುತ್ತದೆ. ಯಾರೂ ಬೆದರಿಸಲಿಲ್ಲ, ಯಾರೂ ಬೆದರಿದೆ ಎಂದು ಹೇಳಲೂ ಇಲ್ಲ, ಬಿಲ್ಲು ಪಾಸಾಯಿತು. ಮುಚ್ಚಿದ ಆಯುಧದ ನಿಜವಾದ ಕೆಲಸ ಇದು. ಅಮೆರಿಕದ ವಾದಗಳನ್ನು ಮೊಬೈಲಿನಲ್ಲಿ ಕೇಳಿ ಇಲ್ಲಿ ಒಪ್ಪಿಸುವವರಿಗೆ ಇದು ಹೊಳೆಯುವುದಿಲ್ಲ, ಏಕೆಂದರೆ ಆ ವಾದಗಳು ಒಬ್ಬರನ್ನೊಬ್ಬರು ಅರಿಯದ ಸರಿಸಮಾನರ ನಡುವೆ ಹುಟ್ಟಿದವು. ಆವರಣದೊಳಗೆ ಆಯುಧವೇ ಕೂಡದು ಎಂಬ ಷರತ್ತು ಇರುವುದರಿಂದ ಹೆಡ್‌ಮಾಸ್ತರರು ತಮ್ಮ ಧೈರ್ಯದಿಂದ ಮಾತಾಡಬೇಕಿಲ್ಲ, ಕಾಗದ ಮಾತಾಡುತ್ತದೆ. ರೀತಿರಿವಾಜಿನ ದೃಷ್ಟಿಯಿಂದ ನೋಡಿದರೂ, ಅವರು ಕೇಳುವ ಪ್ರಸಂಗವೇ ಬಾರದಂತೆ ಮನೆಯಲ್ಲೇ ಬಿಟ್ಟುಬರುವುದು ಆಯುಧವಂತನ ಸೌಜನ್ಯ. ಕೇಳಲಾರದವನಿಂದ ಕೇಳಿಸಿಕೊಳ್ಳುವ ತನಕ ಕಾಯುವುದು ಸೌಜನ್ಯವಲ್ಲ.

ಆವರಣ ಸರಿ, ಆದರೆ ಶಾಲೆಯ ಹತ್ತಿರ? ಇಲ್ಲಿ ನಮ್ಮ ಕಾನೂನು ಅಷ್ಟು ಅಚ್ಚುಕಟ್ಟಾಗಿಲ್ಲ ಎಂದು ಒಪ್ಪಬೇಕು. 2003ರ ತಂಬಾಕು ಕಾಯ್ದೆ ಶಿಕ್ಷಣ ಸಂಸ್ಥೆಯಿಂದ 100 ಗಜದೊಳಗೆ ಬೀಡಿ, ಗುಟ್ಕಾ ಮಾರಬಾರದೆಂದು ಅಳತೆ ಹಾಕಿ ಹೇಳುತ್ತದೆ. ಅಮೆರಿಕದ 1990ರ ಶಾಲಾ ವಲಯ ಕಾಯ್ದೆ 1,000 ಅಡಿ ಎನ್ನುತ್ತದೆ. ಆದರೆ ಆಯಾ ರಾಜ್ಯದ ಲೈಸೆನ್ಸ್ ಪಡೆದವರನ್ನು ಆ ನಿಷೇಧದಿಂದ ಹೊರಗಿಡುತ್ತದೆ. ನಮ್ಮ ಲೈಸೆನ್ಸಿನ ಷರತ್ತಿನಲ್ಲಿ ಅಡಿಯೂ ಇಲ್ಲ, ಗಜವೂ ಇಲ್ಲ. ಇದಕ್ಕಿಂತ ಸೋಜಿಗದ ಸಂಗತಿ ಬೇರೆ ಇದೆ. ಅದೇ ಸರಕಾರಿ ಶಾಲೆ ಚುನಾವಣೆಯಲ್ಲಿ ಮತಗಟ್ಟೆಯಾಗುತ್ತದೆ. ಆ ದಿನ 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 134ಬಿ ಕಲಮು, ಮತಗಟ್ಟೆಯ ನೆರೆಯಲ್ಲಿ ಆಯುಧ ಸಮೇತ ಸುಳಿದವನಿಗೆ ಎರಡು ವರ್ಷದವರೆಗೆ ಜೈಲು ಎನ್ನುತ್ತದೆ. ಆಯುಧ ಮುಟ್ಟುಗೋಲು, ಲೈಸೆನ್ಸ್ ತಾನಾಗಿಯೇ ರದ್ದಾದಂತೆ. ಮಾರನೆಯ ದಿನ ಮಕ್ಕಳು ಬಂದು ಕೂತಾಗ ಅದೇ ಕೋಣೆಯೊಳಕ್ಕೆ ಪಿಸ್ತೂಲು ತಂದರೂ ಬರೀ ಷರತ್ತು ಉಲ್ಲಂಘನೆ, ಆರು ತಿಂಗಳು ಇಲ್ಲವೇ ಎರಡು ಸಾವಿರ. ಮತಪೆಟ್ಟಿಗೆಗೆ ಇರುವ ಬೆಲೆ ಮಗುವಿಗಿಲ್ಲವೇ ಎಂದು ಕೇಳಿದರೆ ಉತ್ತರಿಸುವುದು ಕಷ್ಟ.

ಹಾಗೆಂದು ಇಲ್ಲೂ 1,000 ಅಡಿಯ ವೃತ್ತ ಎಳೆಯಬೇಕೆಂದು ನಾನು ವಾದಿಸುವುದಿಲ್ಲ. ಕಕ್ಕೇರಾದಲ್ಲಿ ಮನೆ, ಅಂಗಡಿ, ಗುಡಿ, ಶಾಲೆ ಒಂದಕ್ಕೊಂದು ಅಂಟಿಕೊಂಡಿವೆ. ಸುತ್ತಲಿನ ದೊಡ್ಡಿಗಳ (ಹೊಲದೊಳಗಿನ ವಸತಿಗಳ) ಮಕ್ಕಳು ಹೊಲದ ದಾರಿ ಹಿಡಿದು ನಡೆದುಬರುತ್ತಾರೆ. ಅಂಥ ವೃತ್ತ ಎಳೆದರೆ ಊರಿನ ಬಹುಪಾಲು ಅದರೊಳಗೇ ಬಿದ್ದು, ಬೆಳೆ ಕಾಯುವ ಬಂದೂಕನ್ನು ದೊಡ್ಡಿಯಿಂದ ಮನೆಗೆ ತರುವ ರೈತನೂ ದಿನಕ್ಕೆರಡು ಸಲ ಅಪರಾಧಿಯಾಗುತ್ತಾನೆ. ಎಲ್ಲರೂ ಮುರಿಯಲೇಬೇಕಾದ ನಿಯಮ ಕೊನೆಗೆ ಪೊಲೀಸರು ತಮಗೆ ಬೇಡದವನ ಮೇಲೆ ಮಾತ್ರ ಹಾಕುವ ನಿಯಮವಾಗುತ್ತದೆ. ರಸ್ತೆಯಲ್ಲಿ ಹಾದುಹೋಗುವವನು ಹೋಗಲಿ. ಶಾಲೆಯ ಕೆಲಸಕ್ಕೆಂದೇ ಹೊರಟವನು ಮನೆಯಿಂದ ಹೊರಡುವಾಗಲೇ ಪಿಸ್ತೂಲು ಬಿಟ್ಟು ಹೊರಡಲಿ. ಬೈಕಿನ ಡಿಕ್ಕಿಯಲ್ಲಿಟ್ಟು ಒಳಗೆ ಹೋಗುತ್ತೇನೆ ಎನ್ನುವುದು ಪರಿಹಾರವಲ್ಲ. ಅಲ್ಲಿಟ್ಟ ಆಯುಧ ಹತೋಟಿಯಲ್ಲಿರುವುದಿಲ್ಲ, ಮೇಲಾಗಿ ಗೇಟಿನ ಹೊರಗೆ ನಿಂತ ಬೈಕುಗಳ ಮೇಲೆ ಹತ್ತಿ ಆಡುವವರು ಹುಡುಗರೇ.

ಮೂರನೇ ಎಳೆ, ರಕ್ಷಣೆಯದು, ಕೇಳಲು ಎಲ್ಲಕ್ಕಿಂತ ಆಕರ್ಷಕ. ಅದು ನಿಲ್ಲಬೇಕಾದರೆ ಮೂರು ಸಂಗತಿ ನಿಜವಾಗಿರಬೇಕು: ಆಯುಧವಂತನಿಗೆ ಅದನ್ನು ತೆಗೆಯಲು ಸಮಯ ಸಿಗಬೇಕು, ಅಪಾಯ ಹೊರಗಿನಿಂದ ಬರಬೇಕು, ಮಾಮೂಲಿ ದಿನಗಳಲ್ಲಿ ಆ ಆಯುಧದಿಂದ ಅನಾಹುತ ಆಗಬಾರದು. ಮೊದಲನೆಯದು: ಅಡಗಿಸಿದ ಪಿಸ್ತೂಲಿನ ಲಾಭವೆಲ್ಲ ಮೊದಲು ಹಾರಿಸುವವನದು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಮನೆಬಾಗಿಲಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು ಕೊಂದವರು ಪಿಸ್ತೂಲನ್ನು ತೋರಿಸಿಕೊಂಡು ಬರಲಿಲ್ಲ. 2017ರ ಸೆಪ್ಟೆಂಬರ್ 5ರಂದು ಪತ್ರಕರ್ತೆ ಗೌರಿ ಲಂಕೇಶ್ ಅವರಿಗೂ ಮನೆಯ ಮುಂದೆ ಕ್ಷಣದ ಎಚ್ಚರಿಕೆ ಸಿಗಲಿಲ್ಲ. ಸಮಯ ಸಿಕ್ಕಾಗಲೂ ಆಯುಧ ಧೈರ್ಯವಾಗಿ ಪರಿಣಮಿಸುತ್ತದೆ ಎನ್ನಲು ಬರುವುದಿಲ್ಲ. 2022ರ ಮೇ 24ರಂದು ಟೆಕ್ಸಾಸಿನ ಯುವಾಲ್ಡಿ ಶಾಲೆಯಲ್ಲಿ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ತರಬೇತಿ ಪಡೆದ ಮುನ್ನೂರಕ್ಕೂ ಹೆಚ್ಚು ಸಶಸ್ತ್ರ ಸಿಬ್ಬಂದಿ ಅಲ್ಲಿಗೆ ಬಂದಿದ್ದರೂ ಆ ಕೋಣೆಯೊಳಕ್ಕೆ ನುಗ್ಗಿ ಹಂತಕನನ್ನು ಹೊಡೆದದ್ದು 77 ನಿಮಿಷದ ಮೇಲೆ.

ಎರಡನೆಯದು: 2015ರ ಮಾರ್ಚ್ 31ರ ರಾತ್ರಿ ಬೆಂಗಳೂರಿನ ಕಾಡುಗೋಡಿಯ ಕಾಲೇಜು ಹಾಸ್ಟೆಲೊಂದರಲ್ಲಿ ಪಿಯು ವಿದ್ಯಾರ್ಥಿನಿಯನ್ನು ನಾಡ ಪಿಸ್ತೂಲಿನಿಂದ ಕೊಂದವನು ಹೊರಗಿನವನಲ್ಲ, ಆ ಸಂಸ್ಥೆಯ ಅಟೆಂಡರೇ. ಒಳಗಿನವರ ಕೈಗೆ ಆಯುಧ ಕೊಡಿ ಎನ್ನುವವರು ಈ ಪ್ರಕರಣವನ್ನು ಒಮ್ಮೆ ಎದುರಿಗಿಟ್ಟು ನೋಡಬೇಕು. ಮೂರನೆಯದಕ್ಕೆ ಪಾಕಿಸ್ತಾನದ ಅನುಭವ ಸಾಕು. 2014ರ ಡಿಸೆಂಬರಿನ ಪೆಶಾವರ ಶಾಲೆಯ ಹತ್ಯಾಕಾಂಡದ ನಂತರ ಖೈಬರ್ ಪಖ್ತುನ್‌ಖ್ವಾ ಪ್ರಾಂತ್ಯದಲ್ಲಿ ಶಿಕ್ಷಕರಿಗೆ ಆಯುಧ ತರಲು ಅವಕಾಶವಾಯಿತು. 2015ರಲ್ಲಿ ಸ್ವಾತ್ ಕಣಿವೆಯ ಶಾಲೆಯೊಂದರಲ್ಲಿ ಶಿಕ್ಷಕನ ಬಂದೂಕು ಆಕಸ್ಮಿಕವಾಗಿ ಸಿಡಿದು ಅವನ ವಿದ್ಯಾರ್ಥಿಯೇ ಸತ್ತ. ದಾಳಿ ಎಂದೋ ಒಮ್ಮೆ ಆದೀತು. ಪಿಸ್ತೂಲು ಮಾತ್ರ ಪ್ರತಿದಿನ ಶಾಲೆಗೆ ಬರುತ್ತದೆ, ಶೌಚಾಲಯದ ಕಿಟಕಿಯ ಮೇಲೆ ಮರೆತು ಉಳಿಯಬಹುದು, ಕೈಜಾರಬಹುದು.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ. ಭೀಮಾತೀರದಲ್ಲಿ ಕಂಟ್ರಿ ಪಿಸ್ತೂಲು ಓಡಾಡುವ ಸುದ್ದಿ ಹೊಸದಲ್ಲ. ಅದನ್ನು ಇಟ್ಟುಕೊಂಡವನು ಲೈಸೆನ್ಸನ್ನೇ ಕೇಳದವನು, ಷರತ್ತನ್ನು ಕೇಳುತ್ತಾನೆಯೇ? ನಿಯಮ ಸಜ್ಜನರನ್ನು ಮಾತ್ರ ಕಟ್ಟಿಹಾಕುತ್ತದಲ್ಲವೇ? ಹೌದು, ಷರತ್ತು ಅವನನ್ನು ತಡೆಯುವುದಿಲ್ಲ. ಆದರೆ ಅವನನ್ನು ಬಯಲಿಗೆ ತರುತ್ತದೆ. ಕಾನೂನುಬದ್ಧ ಪಿಸ್ತೂಲುಗಳು ಶಾಲೆಯೊಳಗೆ ಬಂದುಹೋಗುತ್ತಿದ್ದರೆ, ಸೊಂಟದಲ್ಲಿ ಉಬ್ಬು ಕಂಡ ಅಡುಗೆಯಮ್ಮ "ಯಾರೋ ಲೈಸೆನ್ಸಿನವರಿರಬೇಕು" ಎಂದು ಸುಮ್ಮನಾಗುತ್ತಾಳೆ. ಒಂದೂ ಬರುವಂತಿಲ್ಲ ಎಂದು ಊರಿಗೆಲ್ಲ ಗೊತ್ತಿದ್ದರೆ ಅದೇ ಉಬ್ಬು 112ಕ್ಕೆ ಫೋನು ಮಾಡಲು ಸಾಕಾದ ಕಾರಣ. ಸಜ್ಜನರು ಬಿಟ್ಟುಬಂದಾಗಲೇ ದುರ್ಜನ ಎದ್ದುಕಾಣುತ್ತಾನೆ. ಲೈಸೆನ್ಸಿಲ್ಲದ ಆಯುಧಕ್ಕೆ 2019ರ ತಿದ್ದುಪಡಿಯ ನಂತರ ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷದ ಶಿಕ್ಷೆ ಇದೆ. ಆ ಕೆಲಸವನ್ನು ಪೊಲೀಸರು ಮಾಡಲಿ.

ಜೀವಬೆದರಿಕೆ ನಿಜವಾಗಿ ಇರುವವರ ಪಾಡು ಬೇರೆ. ಹಳೆಯ ದ್ವೇಷವೋ ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕಾದ ಪ್ರಕರಣವೋ ಇದ್ದು ಲೈಸೆನ್ಸ್ ಪಡೆದವನಿಗೆ ಗೇಟಿನ ಬಳಿ ಬರಿಗೈಯಲ್ಲಿ ನಿಲ್ಲು ಎನ್ನುವುದು ಕ್ರೂರವಾಗಿ ಕಂಡೀತು. ಅದಕ್ಕೇ ಷರತ್ತಿನೊಳಗೆ ಜಿಲ್ಲಾ ದಂಡಾಧಿಕಾರಿಯ ವಿಶೇಷ ಅನುಮತಿಯ ಬಾಗಿಲನ್ನು ಇಟ್ಟಿದ್ದಾರೆ. ಆದರೆ ತನ್ನನ್ನು ಹುಡುಕಿಕೊಂಡು ಶತ್ರು ಬರಬಹುದೆಂದು ನಿಜಕ್ಕೂ ನಂಬಿದವನು ಮಕ್ಕಳು ಶಾಲೆ ಬಿಟ್ಟು ಬರುವ ಹೊತ್ತಿಗೆ ಗೇಟಿನಲ್ಲಿ ನಿಲ್ಲಲೇಬಾರದು. ಪಿಸ್ತೂಲು ಅವನನ್ನು ಕಾಯಬಹುದೇನೋ, ಅವನತ್ತ ಹಾರಿದ ಗುಂಡಿನಿಂದ ಪಕ್ಕದ ಹುಡುಗಿಯನ್ನು ಕಾಯುವುದಿಲ್ಲ. ಮಗಳನ್ನು ಕರೆತರಲು ಕಾಕಾನೋ ಅಜ್ಜನೋ ಹೋದರಾಯಿತು. ಆಯುಧವನ್ನು ಹಕ್ಕೆಂದೇ ಒಪ್ಪಿರುವ ದೇಶವೂ ಇಲ್ಲಿ ಗೆರೆ ಎಳೆದಿದೆ: ಮನೆಯ ಹೊರಗೆ ಪಿಸ್ತೂಲು ಒಯ್ಯುವ ಹಕ್ಕನ್ನು ವಿಸ್ತರಿಸಿದ 2022ರ ತೀರ್ಪಿನಲ್ಲೇ ಅಮೆರಿಕದ ಸುಪ್ರೀಂ ಕೋರ್ಟು ಶಾಲೆಗಳನ್ನು ಸೂಕ್ಷ್ಮ ಸ್ಥಳಗಳೆಂದು ಬೇರ್ಪಡಿಸಿ, ಅಲ್ಲಿ ನಿಷೇಧ ಸಲ್ಲುತ್ತದೆ ಎಂದು ಒಪ್ಪಿಕೊಂಡಿತು.

ಮನೆಯಲ್ಲಿ ಬಿಟ್ಟುಬನ್ನಿ ಎಂದಾಗ ಮನೆಯ ಪ್ರಶ್ನೆ ಏಳುತ್ತದೆ. 2007ರ ಡಿಸೆಂಬರಿನಲ್ಲಿ ಗುರುಗ್ರಾಮದ ಶಾಲೆಯಲ್ಲಿ ಎಂಟನೇ ತರಗತಿಯ ಹುಡುಗರಿಬ್ಬರು ತಮ್ಮ ಸಹಪಾಠಿಯನ್ನು ಗುಂಡಿಕ್ಕಿ ಕೊಂದಾಗ ಬಳಸಿದ್ದು ಒಬ್ಬನ ತಂದೆಯ ಪಿಸ್ತೂಲನ್ನು. ತಂದೆ ಅದನ್ನು ಶಾಲೆಗೆ ಒಯ್ದಿರಲಿಲ್ಲ, ಆದರೂ ಅದು ಶಾಲೆ ತಲುಪಿತು. ಹಾಗಾಗಿ ಅಲ್ಮಾರಿಯ ಬೀಗವೂ ಈ ಷರತ್ತಿನ ಭಾಗವೇ: ಪಿಸ್ತೂಲು ಒಂದು ಕಡೆ, ತೋಟಾ ಇನ್ನೊಂದು ಕಡೆ, ಕೀಲಿ ಮಕ್ಕಳಿಗೆ ಸಿಗದ ಕಡೆ. ದಸರೆಯ ಆಯುಧಪೂಜೆಯಲ್ಲಿ ಕುಂಕುಮ ಹಚ್ಚಿ ಮಗನ ಕೈಗೆ ಕೊಟ್ಟು ಫೋಟೋ ತೆಗೆಸುವ ಶೋಕಿಯನ್ನೂ ಬಿಟ್ಟರೆ ಒಳ್ಳೆಯದು. ಮರುದಿನ ಆ ಫೋಟೋ ತರಗತಿಯ ಎಲ್ಲ ಹುಡುಗರ ಬಾಯಲ್ಲಿರುತ್ತದೆ.

ಉಳಿದದ್ದು ಗನ್‌ಮ್ಯಾನ್‌ಗಳ ಮಾತು. ಕರ್ತವ್ಯದ ಮೇಲಿರುವ ಪೊಲೀಸ್ ಅಂಗರಕ್ಷಕನಿಗೆ ಲೈಸೆನ್ಸಿನ ಷರತ್ತು ತಾಗುವುದಿಲ್ಲ. ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಮು ಕರ್ತವ್ಯದ ಮೇಲಿನ ಸರಕಾರಿ ನೌಕರರನ್ನು ಕಾಯ್ದೆಯಿಂದ ಹೊರಗಿಡುತ್ತದೆ. ಮುಖ್ಯ ಅತಿಥಿಯ ಹಿಂದೆ ಖಾಸಗಿ ಲೈಸೆನ್ಸಿನ ಬಂದೂಕು ಹಿಡಿದು ನಿಲ್ಲುವವನಿಗೆ ಆ ರಿಯಾಯಿತಿ ಇಲ್ಲ. ಶಾಲೆಯ ಮಟ್ಟಿಗೆ ಎರಡನೆಯವನನ್ನು ಗೇಟಿನಲ್ಲೇ ನಿಲ್ಲಿಸಬೇಕು, ಮೊದಲನೆಯವನನ್ನು ವೇದಿಕೆಯಿಂದ ದೂರ ನಿಲ್ಲಲು ಕೇಳಿಕೊಳ್ಳಬಹುದು. ಆಹ್ವಾನ ಪತ್ರಿಕೆ ಕೊಡಲು ಹೋದಾಗಲೇ ಇದನ್ನು ಹೇಳುವುದು ಸುಲಭ, ಹಾರ ಹಾಕುವ ಹೊತ್ತಿಗೆ ಅಲ್ಲ. ಹೆಡ್‌ಮಾಸ್ತರರ ಮೇಲೆ ಮಾತ್ರ ಈ ಭಾರ ಹೊರಿಸದೆ ಕ್ಷೇತ್ರ ಶಿಕ್ಷಣಾಧಿಕಾರಿ ಒಂದು ಸುತ್ತೋಲೆ ಹೊರಡಿಸಿದರೆ ಅದನ್ನು ಗೇಟಿಗೆ ಅಂಟಿಸಲು ಬರುತ್ತದೆ. ಲೈಸೆನ್ಸ್ ಈಗ ಐದು ವರ್ಷಕ್ಕೊಮ್ಮೆ ನವೀಕರಣವಾಗುತ್ತದೆ. ಯಾದಗಿರಿಯ ಜಿಲ್ಲಾಧಿಕಾರಿ ಕಚೇರಿಯಲ್ಲಿ ಆ ದಿನ ಜಾತ್ರೆ, ಮೆರವಣಿಗೆ, ಶಾಲೆಯ ಷರತ್ತನ್ನು ಕನ್ನಡದಲ್ಲಿ ಓದಿಹೇಳಿ ಕೆಳಗೆ ಸಹಿ ಪಡೆಯುವ ರೂಢಿ ಬಂದರೆ, "ನಮಗ ಗೊತ್ತಿರಲಿಲ್ಲರೀ" ಎನ್ನುವ ಸಬೂಬಿಗೆ ಜಾಗ ಉಳಿಯುವುದಿಲ್ಲ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ.